ಬಾರದ ಬಸ್ಸಿನ ಘೋಷಣೆ

"ನಾನಿನ್ನೂ ಶಬ್ದಾನೇ ಕಳಿಸಿಲ್ಲ. ನೀವಾಗಲೇ ಹನ್ನೊಂದು ಸಲ ಒತ್ತಿದ್ದೀರಿ."

ಗಾಜಿನ ಕೋಣೆಯ ದಪ್ಪ ಬಾಗಿಲು ತೆಗೆದು ಒಳಗೆ ಬಂದವನು ಅಷ್ಟು ಹೇಳಿ, ಅವಳ ಕಿವಿಯಿಂದ ಹೆಡ್‌ಫೋನನ್ನು ಮೆಲ್ಲಗೆ ಕೆಳಗಿಳಿಸಿದ. ಅವಳ ಮುಷ್ಟಿಯೊಳಗಿನ ಗುಂಡಿ ಬೆವರಿಗೆ ಜಾರುತ್ತಿತ್ತು.

ಶಬ್ದ ಕೇಳಿದರೆ ಒತ್ತಬೇಕು, ಕೇಳದಿದ್ದರೆ ಸುಮ್ಮನಿರಬೇಕು. ಒಂದನೇ ತರಗತಿಯ ಮಕ್ಕಳೂ ಪಾಸಾಗುವ ಪರೀಕ್ಷೆ. ಅದರಲ್ಲಿ ಅವಳು ಡುಮ್ಕಿ ಹೊಡೆಯುತ್ತಿದ್ದಳು.

"ಯಾಕೆ ಒತ್ತಿದ್ರಿ?"

"ಒಂದ್ವೇಳೆ..." ಅವಳು ಗುಂಡಿಯನ್ನು ಸೆರಗಿಗೆ ಒರೆಸಿದಳು. "ಒಂದ್ವೇಳೆ ನೀವು ಕಳಿಸಿ, ನನಗೆ ಕೇಳಿಸ್ದೇ ಹೋಗಿದ್ರೆ ಅಂತ."

ಅವನು ನಗಬಹುದಿತ್ತು. ನಕ್ಕಿದ್ದರೆ ಅವಳು ಮನಸ್ಸಿನಲ್ಲೇ ನಾಲ್ಕು ಬೈದು, ಎದ್ದು ಹೋಗಿಬಿಡುತ್ತಿದ್ದಳು. ಈ ಕಥೆ ಹೇಳುವ ಕೆಲಸ ನನಗೂ ತಪ್ಪುತ್ತಿತ್ತು. ಅವನು ನಗಲಿಲ್ಲ. ಅವಳ ಕುರ್ಚಿಯೆದುರು ಕುಕ್ಕರುಗಾಲಿನಲ್ಲಿ ಕೂತು, ತಾನು ನಡುನಡುವೆ ಬೇಕೆಂದೇ ಏನೂ ಕಳಿಸದೆ ಬಿಡುತ್ತೇನೆಂದು ವಿವರಿಸಿದ. ಆ ಖಾಲಿಯಲ್ಲಿ ಸುಮ್ಮನೆ ಕೂರುವುದೂ ಸರಿಯಾದ ಉತ್ತರವೇ ಎಂದ.

ಇಪ್ಪತ್ತೊಂಬತ್ತು ವರ್ಷದಲ್ಲಿ, ಸುಮ್ಮನೆ ಕೂತರೂ ಪಾಸಾಗಬಹುದು ಎಂದು ಅವಳಿಗೆ ಹೇಳಿದವನು ಅವನೊಬ್ಬನೇ.

ಅವಳು ದೊಡ್ಡ ಬಸ್ ನಿಲ್ದಾಣದ ಘೋಷಕಿ. 'ಪ್ರಯಾಣಿಕರ ಗಮನಕ್ಕೆ' ಎಂದು ಅವಳು ಶುರುಮಾಡಿದರೆ ಅಳುವ ಕೂಸೂ ಒಂದು ಗಳಿಗೆ ಬಾಯಿ ಮುಚ್ಚುತ್ತಿತ್ತು. ಆದರೆ ಮೈಕು ಆರಿದ ಮರುಕ್ಷಣವೇ ಅವಳ ಎದೆ ಡವಗುಟ್ಟತೊಡಗುತ್ತಿತ್ತು. ಒಂದ್ವೇಳೆ ನಾಲ್ಕರ ಬದಲು ಐದು ಅಂದಿದ್ದರೆ? ಒಂದ್ವೇಳೆ ಯಾರೋ ಬಾಣಂತಿ ತಪ್ಪು ಬಸ್ಸು ಹತ್ತಿದ್ದರೆ? ಹೀಗೆ ದಿನಕ್ಕೆ ನೂರು ಸಲ ಅನ್ನುತ್ತಿದ್ದುದರಿಂದ ನಿಲ್ದಾಣದಲ್ಲಿ ಅವಳ ಹೆಸರೇ 'ಒಂದ್ವೇಳೆ' ಎಂದಾಗಿತ್ತು. ಅವಳ ಮೇಲಧಿಕಾರಿಗೆ ಸಿಬ್ಬಂದಿ ಇಟ್ಟ ಹೆಸರು 'ವೇಳಾಪಟ್ಟಿ'. ಇಬ್ಬರೂ ಜಗಳಕ್ಕೆ ನಿಂತರೆ, ವೇಳೆಗೂ ವೇಳೆಗೂ ಸರಿಹೋಯಿತು ಎಂದು ಡ್ರೈವರುಗಳು ನಗುತ್ತಿದ್ದರು.

ವೇಳಾಪಟ್ಟಿಯದು ಒಂದೇ ಕಟ್ಟಪ್ಪಣೆ: ಬಸ್ಸಿನ ಮುಂದಿನ ಗಾಲಿ ಹಳದಿ ಗೆರೆ ಮುಟ್ಟುವವರೆಗೆ ಅದನ್ನು ಘೋಷಿಸಕೂಡದು. ಆರು ವರ್ಷದಲ್ಲಿ ಅವಳು ಒಮ್ಮೆಯೂ ಅದನ್ನು ಮೀರಿರಲಿಲ್ಲ.

ಕಿವಿ ಪರೀಕ್ಷೆ ಘೋಷಕರಿಗೆ ವರ್ಷಕ್ಕೊಮ್ಮೆ ಕಡ್ಡಾಯ. ಆ ವರ್ಷ ಆಸ್ಪತ್ರೆಗೆ ಪರೀಕ್ಷಕನಾಗಿ ಅವನು ಹೊಸದಾಗಿ ಬಂದಿದ್ದ, ಅವಳು ಮೂರು ಸಲ ಹೋದಳು. ಎರಡನೆಯ ಸಲಕ್ಕೆ ಕಾರಣ ಇತ್ತು. ಮೂರನೆಯದಕ್ಕೆ ಇರಲಿಲ್ಲ. ನಾಲ್ಕನೆಯ ಸಲ ಅವನೇ ನಿಲ್ದಾಣಕ್ಕೆ ಬಂದ, ಅವನಿಗೆ ಯಾವ ಬಸ್ಸೂ ಹತ್ತುವುದಿರಲಿಲ್ಲ.

ಎಂಟು ತಿಂಗಳು ಸಂಜೆಸಂಜೆ ಜೊತೆಯಾಗಿ ನಡೆದರು. ಅವಳಿಗೆ ಅನುಕರಣೆಯ ಚಟ. ವೇಳಾಪಟ್ಟಿ ಮೂಗಿನಲ್ಲಿ ಗದರುವುದು, ಮನೆಯಲ್ಲಿ ಅತ್ತಿಗೆ ಫೋನಿನಲ್ಲಿ ತವರಿನವರೊಂದಿಗೆ ಒಂದು ರಾಗ, ಅಣ್ಣನೊಂದಿಗೆ ಇನ್ನೊಂದು ರಾಗ ತೆಗೆಯುವುದು... ಎಲ್ಲವನ್ನೂ ಮಾಡಿ ತೋರಿಸುವಳು. ಅವನು ಹೊಟ್ಟೆ ಹಿಡಿದುಕೊಂಡು ನಗುವನು. 'ನೀವು' ಯಾವ ತಿರುವಿನಲ್ಲಿ 'ನೀನು' ಆಯಿತೋ ಇಬ್ಬರಿಗೂ ಗೊತ್ತಿಲ್ಲ.

ಒಂದು ಸಂಜೆ ಅವನು, ನಿನ್ನ ಭಯ ಯಾರ ದನಿಯಲ್ಲಿ ಮಾತಾಡುತ್ತೆ, ಅದನ್ನೂ ಮಾಡಿ ತೋರಿಸು ಎಂದ.

ಅವಳು ಬಾಯಿ ತೆರೆದು ಹಾಗೇ ನಿಂತಳು. ಅದು ಅವಳದೇ ದನಿ! ಮೈಕಿನ ಮುಂದಿನ ದನಿ. ಶಾಂತ, ಸ್ಪಷ್ಟ, ಎಲ್ಲರೂ ನಂಬುವಂಥದ್ದು. *ಪ್ರಯಾಣಿಕರ ಗಮನಕ್ಕೆ: ಇನ್ನು ಸ್ವಲ್ಪ ಹೊತ್ತಿನಲ್ಲಿ ನಿನ್ನ ಬದುಕು ಹಳ್ಳ ಹಿಡಿಯಲಿದೆ.*

"ಹಾಗಾದ್ರೆ ಕಟ್ಟಪ್ಪಣೆ ಅಲ್ಲೂ ಇರಲಿ," ಎಂದ ಅವನು. "ಗೆರೆ ಮುಟ್ಟಿದ್ದನ್ನ ಮಾತ್ರ ಹೇಳು."

ಅಂದಿನಿಂದ ಅವಳು ಎದೆ ಹಾರಿದಾಗಲೆಲ್ಲ ಎದುರಿಗಿದ್ದುದನ್ನಷ್ಟೇ ಘೋಷಿಸತೊಡಗಿದಳು. ಪ್ರಯಾಣಿಕರ ಗಮನಕ್ಕೆ: ಬಲಗಾಲ ಚಪ್ಪಲಿಯಲ್ಲಿ ಒಂದು ಕಲ್ಲಿದೆ. ಫ್ಯಾನು ಕಿರುಗುಡುತ್ತಿದೆ. ಈತನ ಅಂಗಿಯ ಎರಡನೇ ಗುಂಡಿಯ ದಾರ ಸಡಿಲಾಗಿದೆ. ಕೆಲವು ದಿನ ಅದು ಕೆಲಸ ಮಾಡುತ್ತಿತ್ತು. ಕೆಲವು ದಿನ ಇಲ್ಲ.

ಆಮೇಲೆ ಆ ಬುಧವಾರ ಬಂತು.

"ಶನಿವಾರ ನಿನಗೊಂದು ವಿಷಯ ಹೇಳ್ಬೇಕು," ಎಂದ. ಮುಖ ಸಪ್ಪಗಿತ್ತು. "ಫೋನಲ್ಲಿ ಬೇಡ. ಎದುರಿಗೇ ಹೇಳ್ಬೇಕು."

ಬುಧವಾರದಿಂದ ಶನಿವಾರಕ್ಕೆ ಮೂರೇ ದಿನ ಎಂದು ಪಂಚಾಂಗ ಹೇಳುತ್ತದೆ. ಪಂಚಾಂಗಕ್ಕೇನು ಗೊತ್ತು!

ಅವಳ ಮನಸ್ಸು ಸಾಕ್ಷಿಗಳನ್ನು ಸಾಲಾಗಿ ನಿಲ್ಲಿಸಿತು. ತಿಂಗಳಿಂದ ಅವನು ಬದಲಾಗಿದ್ದ. ಪಕ್ಕದಲ್ಲಿ ನಡೆಯುತ್ತ ಅವಳು ಏನಾದರೂ ಅಂದರೆ ಎಷ್ಟೋ ಸಲ ಉತ್ತರವೇ ಇಲ್ಲ. ಕಳೆದ ವಾರ ಅವಳು ಧೈರ್ಯ ಒಟ್ಟುಗೂಡಿಸಿ, ನಾಚಿಕೆ ನುಂಗಿ, 'ನೀನಿಲ್ದೇ ನನಗೆ ದಿನ ಹೋಗಲ್ಲ' ಎಂದಿದ್ದಳು. ಅವನು ರಸ್ತೆ ನೋಡುತ್ತ ಹಾಗೇ ನಡೆದಿದ್ದ. 'ಹೂಂ' ಅನ್ನಲೂ ಇಲ್ಲ.

*ಪ್ರಯಾಣಿಕರ ಗಮನಕ್ಕೆ: ಈತ ಶನಿವಾರ ನಿನ್ನನ್ನು ಬಿಡಲಿದ್ದಾನೆ.*

ಗೆರೆ ಮುಟ್ಟಿಲ್ಲ, ಇನ್ನೂ ಮುಟ್ಟಿಲ್ಲ ಎಂದು ಅವಳು ಗುರುವಾರವಿಡೀ ಗೋಗರೆದಳು. ಶುಕ್ರವಾರ ಬೆಳಗ್ಗೆ ಬ್ರಷ್ಷಿಗೆ ಪೇಸ್ಟಿನ ಬದಲು ಅಣ್ಣನ ಶೇವಿಂಗ್ ಕ್ರೀಮು ಹಚ್ಚಿಕೊಂಡಳು. ಇನ್ನೊಂದು ಇಡೀ ದಿನ ಕಾಯುವುದು ಅವಳಿಂದಾಗುತ್ತಿರಲಿಲ್ಲ. ಬೀಳುವ ಏಟಿಗಿಂತ ಎತ್ತಿದ ಕೈ ನೋಡುತ್ತಾ ಕೂರುವುದೇ ಕಷ್ಟ.

ಕಾಗದ ತೆಗೆದುಕೊಂಡಳು. ನಾಲ್ಕು ಸಲ ಬರೆದು ಹರಿದಳು. ಎಲ್ಲದರಲ್ಲೂ 'ಒಂದ್ವೇಳೆ' ತುಂಬಿಕೊಂಡಿತ್ತು. ಐದನೆಯದರಲ್ಲಿ ಹೆಕ್ಕಿ ಹೆಕ್ಕಿ ಒಂದೊಂದನ್ನೂ ತೆಗೆದಳು, ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ. ಉಳಿದದ್ದು ಇಷ್ಟು:

'ಶನಿವಾರ ನೀವು ಏನು ಹೇಳಲಿದ್ದೀರೆಂದು ನನಗೆ ತಿಳಿದಿದೆ. ಹೇಳುವ ಕಷ್ಟ ಬೇಡ. ನಮ್ಮ ಭೇಟಿ ಇಲ್ಲಿಗೆ ನಿಲ್ಲಲಿ.'

ಎಂಟು ತಿಂಗಳ 'ನೀನು' ಒಂದೇ ಏಟಿಗೆ 'ನೀವು' ಆಗಿತ್ತು. ಆಸ್ಪತ್ರೆಯ ಕೌಂಟರಿನಲ್ಲಿ ಕೊಟ್ಟು ಓಡಿಬಂದಳು.

ಮಧ್ಯಾಹ್ನ ಫೋನಿಗೆ ಉತ್ತರ ಬಂತು. 'ಸರಿ. ಚೆನ್ನಾಗಿರಿ.'

ಅದನ್ನು ಓದಿದ ಮೇಲೆ ಅವಳಿಗೆ ಗೊತ್ತಾಯಿತು, ತಾನು ಬರೆದದ್ದು ಅವನು ಬಂದು ಜಗಳವಾಡಲಿ ಎಂದು. 'ಯಾರು ಹೇಳಿದ್ದು ನಿನಗೆ, ಹುಚ್ಚಿ' ಅನ್ನಲಿ ಎಂದು.

ಅವನು ಅನ್ನಲಿಲ್ಲ.

ಮುಂದಿನ ಮೂರು ವಾರ ಹೇಗೆ ಕಳೆದವೆಂದು ಹೇಳಲು ನನಗೂ ಬಾಯಿ ಬರುತ್ತಿಲ್ಲ. ಪ್ರಯಾಣಿಕರ ಗಮನಕ್ಕೆ: ತಟ್ಟೆ ಇದೆ, ತುತ್ತು ಇದೆ, ಗಂಟಲು ಇಳಿಸುತ್ತಿಲ್ಲ. ಇದ್ದುದನ್ನಷ್ಟೇ ನೋಡು ಎಂದರೆ ಅವನು ಇಲ್ಲದಿರುವುದೇ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತಿತ್ತು. ಇದ್ದುದನ್ನು ನೋಡಿಯೂ ಸುಖವಿಲ್ಲದಿದ್ದರೆ ಮನುಷ್ಯ ಎಲ್ಲಿಗೆ ಹೋಗಬೇಕು?

ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಾಗ ಅತ್ತಿಗೆ ಬಾಗಿಲು ತಟ್ಟಿದಳು. ಟ್ಯಾಂಕು ಖಾಲಿಯಾಗುವಷ್ಟು ಅಳಬೇಡ, ನಿಮ್ಮಣ್ಣನಿಗೆ ಸ್ನಾನ ಆಗಬೇಕು ಎಂದಳು. ಹೊರಬಂದವಳನ್ನು ಹಿಡಿದು ಕೂರಿಸಿ, ತಲೆ ಒರೆಸುತ್ತ ಎಲ್ಲವನ್ನೂ ಕೇಳಿದಳು.

"ಅವನು ಬಿಡ್ತೀನಿ ಅಂದ್ನಾ?"

"ಇಲ್ಲ ಅತ್ತಿಗೆ. ಅನ್ನೋನಿದ್ದ."

"ಹಾವು ಬರ್ಬಹುದು ಅಂತ ಮನೆಗೆ ಬೆಂಕಿ ಇಟ್ಟೆಯಲ್ಲೇ ಮಾರಾಯ್ತಿ. ಹಾವು ಬಂದಿದ್ರೆ ಒಂದು ಕೋಲೇ ಸಾಕಾಗ್ತಿತ್ತು."

ಅವಳು ಅತ್ತಿಗೆಯ ಮಡಿಲಿಗೆ ಮುಖ ಒತ್ತಿದಳು. ಹೋಗಿ ಕೇಳು ಎಂದಳು ಅತ್ತಿಗೆ. ಯಾವ ಮುಖ ಹೊತ್ತು ಹೋಗಲಿ ಎಂದಳು ಇವಳು. ಇರೋದೊಂದೇ ಮುಖ ತಾನೆ, ಅದನ್ನೇ ತೊಳ್ಕೊಂಡು ಹೋಗು ಎಂದು ಉತ್ತರ ಬಂತು.

ಹೋಗಲಿಲ್ಲ. ಹೋಗುವಷ್ಟು ಧೈರ್ಯವಿದ್ದರೆ ಆ ಕಾಗದವನ್ನೇ ಬರೆಯುತ್ತಿರಲಿಲ್ಲವಲ್ಲ.

ಮಂಗಳವಾರ ಮಧ್ಯಾಹ್ನ ಅದು ನಡೆಯಿತು. ಆರು ವರ್ಷದಿಂದ ಅವಳು ಹೆದರುತ್ತಿದ್ದದ್ದೇ ನಡೆಯಿತು. ನಾಲ್ಕನೇ ಪ್ಲಾಟ್‌ಫಾರ್ಮಿಗೆ ಬಸ್ಸು ಬಂದು ನಿಂತಿದೆ ಎಂದು ಅವಳು ಯಾವುದೋ ಧ್ಯಾನದಲ್ಲಿ, ಗೆರೆ ನೋಡದೆಯೇ ಘೋಷಿಸಿದಳು. ಬಸ್ಸು ಬಂದಿರಲಿಲ್ಲ. ಜನ ಚೀಲ, ಪೆಟ್ಟಿಗೆ, ಮಕ್ಕಳನ್ನು ಎಳೆದುಕೊಂಡು ಓಡಿದರು. ನೂಕುನುಗ್ಗಲಿನಲ್ಲಿ ಮುದುಕರೊಬ್ಬರು ಬಿದ್ದು ಮೊಣಕಾಲಿನ ಚರ್ಮ ಕಿತ್ತುಹೋಯಿತು.

ಅವಳು ಮೆಟ್ಟಿಲಿಳಿದು ಓಡಿ, ನೆಲಕ್ಕೆ ಕೂತು, ಕರವಸ್ತ್ರದಿಂದ ಅವರ ಗಾಯ ಒತ್ತಿಹಿಡಿದಳು. ತಪ್ಪು ನನ್ನದೇ ಎಂದಳು.

ಮುದುಕರು ನೋವಿನಲ್ಲೂ ಹುಬ್ಬು ಹಾರಿಸಿದರು. "ಇರ್ಲಿ ಬಿಡಮ್ಮ. ಬಸ್ಸು ಲೇಟು, ನಾನೇ ಬೇಗ."

ವೇಳಾಪಟ್ಟಿ ಬಯ್ಯಲಿಲ್ಲ, ಅದೇ ಭಯಂಕರವಾಗಿತ್ತು. ಗೆರೆಯ ಬಳಿ ಊದುವ ಸೀಟಿ ನಿನಗೆ ಸರಿಯಾಗಿ ಕೇಳುತ್ತಿಲ್ಲವೇನೋ, ಕಿವಿ ಪರೀಕ್ಷೆ ಮಾಡಿಸಿ ಸರ್ಟಿಫಿಕೇಟು ತರುವವರೆಗೆ ಮೈಕು ಮುಟ್ಟಬೇಡ ಎಂದು ಚೀಟಿ ಬರೆದುಕೊಟ್ಟ. ಊರಲ್ಲಿ ಆ ಪರೀಕ್ಷೆ ಮಾಡುವ ಜಾಗ ಒಂದೇ.

ಮರುದಿನ ಬೆಳಗ್ಗೆ ಅವಳು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಳು, ಚೀಟಿ ಮುದ್ದೆಯಾಗಿತ್ತು.

ಒಳಗೆ ಅವನ ಕುರ್ಚಿಯಲ್ಲಿ ವಯಸ್ಸಾದ ಡಾಕ್ಟರಮ್ಮ ಕೂತಿದ್ದರು. ಅವನು ಎಲ್ಲಿ? ಕೆಲಸ ಬಿಟ್ಟನೇ? ಊರು ಬಿಟ್ಟನೇ? ಕುತ್ತಿಗೆ ಉದ್ದ ಮಾಡಿ ನೋಡಿದಳು.

ಅವನು ಗಾಜಿನ ಕೋಣೆಯ ಒಳಗಿದ್ದ. ರೋಗಿಯ ಕುರ್ಚಿಯಲ್ಲಿ. ತಲೆಗೆ ಹೆಡ್‌ಫೋನು, ಕೈಯಲ್ಲಿ ಗುಂಡಿ.

ಆ ಯಂತ್ರದ ಗುಟ್ಟನ್ನು ಅವನೇ ಅವಳಿಗೆ ಹೇಳಿಕೊಟ್ಟಿದ್ದ: ಶಬ್ದ ಕಳಿಸಿದಾಗ ಹಸಿರು ದೀಪ, ಒಳಗಿದ್ದವರು ಒತ್ತಿದಾಗ ಕೆಂಪು ದೀಪ.

ಹಸಿರು ಹತ್ತಿತು. ಅವನು ಸುಮ್ಮನಿದ್ದ.

ಮತ್ತೆ ಹಸಿರು. ಡಾಕ್ಟರಮ್ಮ ಶಬ್ದ ಹೆಚ್ಚಿಸುವ ತಿರುಪನ್ನು ಇನ್ನಷ್ಟು ತಿರುಗಿಸಿದರು. ಮತ್ತೆ ಹಸಿರು... ಅವನು ತಲೆ ತಗ್ಗಿಸಿ, ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟು, ಪ್ರಾಮಾಣಿಕವಾಗಿ ಕಾಯುತ್ತಿದ್ದ. ಬರುತ್ತದೆ ಎಂದು ನಂಬಿ ಕಾಯುತ್ತಿದ್ದ. ಬಂದು ಬಂದು ಹೋಗುತ್ತಿತ್ತು. ಕೆಂಪು ಹತ್ತಲೇ ಇಲ್ಲ.

ಅವಳು ಬಾಯಿಗೆ ಸೆರಗೊತ್ತಿಕೊಂಡಳು. ಫಲಕದ ಮೇಲೆ 'ಎಡ' ಎಂದಿತ್ತು. ನಡೆಯುವಾಗ ಅವಳು ಯಾವಾಗಲೂ ಅವನ ಎಡಕ್ಕೇ ಇರುತ್ತಿದ್ದಳು. ನೀನಿಲ್ದೇ ದಿನ ಹೋಗಲ್ಲ ಎಂದದ್ದೂ ಆ ಕಿವಿಗೇ.

ಎಡಗಿವಿ ಮುಗಿಯಿತು, ಹತ್ತು ನಿಮಿಷ ಬಿಟ್ಟು ಬಲಗಿವಿ ನೋಡೋಣ ಎಂದು ಡಾಕ್ಟರಮ್ಮ ಎದ್ದುಹೋದರು. ಅವನು ಹೊರಬಂದ. ಅವಳನ್ನು ಕಂಡು ಬಾಗಿಲ ಹಿಡಿಯನ್ನು ಹಿಡಿದುಕೊಂಡೇ ನಿಂತ. ಮೂರು ವಾರದಲ್ಲಿ ಅವನೂ ಸೊರಗಿದ್ದ.

"ಅಮ್ಮನಿಗೂ ಹೀಗೇ ಶುರುವಾಗಿದ್ದು," ಎಂದ ಕೊನೆಗೆ. "ಮೊದಲು ಎಡ. ಬಲದ್ದು ಎಷ್ಟು ದಿನವೋ ಯಾರಿಗೂ ಗೊತ್ತಿಲ್ಲ. ಇದನ್ನ ಹೇಳಿ, ಇಷ್ಟಾದ್ಮೇಲೂ ನನ್ನ ಮದುವೆ ಆಗ್ತೀಯಾ ಅಂತ ಕೇಳೋಣ ಅಂತಿದ್ದೆ, ಆ ಶನಿವಾರ. ಅಷ್ಟರಲ್ಲಿ ನಿಮ್ಮ ಕಾಗದ ಬಂತು. ತಿಳಿದಿದೆ, ಹೇಳೋದು ಬೇಡ ಅಂತ."

ಕಿವುಡಾಗುವವನು ಬೇಡ ಎಂದು ತಾನು ಬರೆದಂತಾಗಿತ್ತು! ಮೂರು ವಾರ ಅವನು ಅದನ್ನು ಎದೆಯಲ್ಲಿಟ್ಟುಕೊಂಡು ಓಡಾಡಿದ್ದ.

"ನನಗೇನೂ ತಿಳಿದಿರ್ಲಿಲ್ಲ," ಎಂದಳು. "ನೀನು ನನ್ನ ಬಿಡೋಕೆ ಹೊರಟಿದ್ದೀಯ ಅಂದ್ಕೊಂಡೆ. ನೀನು ಹೇಳೋಕ್ಮುಂಚೆ ನಾನೇ ಹೇಳ್ಬಿಟ್ರೆ ನೋವು ಕಡಿಮೆ ಅಂತ... ಯಾಕೆ ಬಂದು ಕೇಳ್ಲಿಲ್ಲ ನೀನು?"

"ಅದರಲ್ಲಿ ಒಂದೂ ಒಂದ್ವೇಳೆ ಇರ್ಲಿಲ್ಲ ಕಣೇ," ಎಂದ ಅವನು. "ಒಂದಿದ್ರೂ ಓಡಿಬರ್ತಿದ್ದೆ. ಇಷ್ಟು ಖಚಿತವಾಗಿ ನೀನು ಯಾವತ್ತೂ ಮಾತಾಡಿದ್ದೇ ಇಲ್ಲ. ಅದಕ್ಕೇ ನಂಬಿದೆ."

ಅವಳಿಗೆ ಅಳುವೂ ನಗುವೂ ಒಟ್ಟಿಗೆ ಉಕ್ಕಿತು. ತನ್ನ ಭಯವನ್ನು ಮುಚ್ಚಿಟ್ಟದ್ದರಿಂದಲೇ ಅವನು ಅವಳನ್ನು ಗುರುತಿಸದೆ ಹೋಗಿದ್ದ.

ಅವನು ಒಂದು ಹೆಜ್ಜೆ ಹಿಂದೆ ಸರಿದ. ಈಗ ನಿಜವಾಗಿಯೂ ತಿಳಿಯಿತಲ್ಲ, ಯೋಚಿಸಿ ಹೇಳು, ಅವಸರವಿಲ್ಲ ಎಂದ. ನಿನ್ನ ದನಿಯೇ ನಿನ್ನ ಬದುಕು, ಅದನ್ನು ಕೇಳಲಾಗದವನ ಜೊತೆ ಹೇಗಿರುತ್ತೀ ಎಂದ.

ಅವಳ ತಲೆಯೊಳಗೆ ಆ ಶಾಂತ ದನಿ ಶುರುವಾಗಿಯೇ ಬಿಟ್ಟಿತು. *ಪ್ರಯಾಣಿಕರ ಗಮನಕ್ಕೆ: ಇನ್ನು ಹತ್ತು ವರ್ಷದಲ್ಲಿ, ಇನ್ನು ಐದು ವರ್ಷದಲ್ಲಿ, ಬಹುಶಃ ನಾಳೆಯೇ...* ಈ ಸಲ ಅದು ಹೇಳುತ್ತಿದ್ದದ್ದು ಸುಳ್ಳೆನ್ನುವಂತಿರಲಿಲ್ಲ. ಅವಳು ಅದರ ಬಾಯಿ ಮುಚ್ಚಲು ಹೋಗಲಿಲ್ಲ. ಹೇಳಿಕೋ ಎಂದು ಬಿಟ್ಟಳು. ಅದು ಹೇಳುತ್ತಲೇ ಇತ್ತು. ಅವಳು ಅವನನ್ನು ನೋಡಿದಳು. ಕಣ್ಣ ಕೆಳಗಿನ ಕಪ್ಪು. ಗಡ್ಡ ಹೆರೆಯುವಾಗ ಆದ ಸಣ್ಣ ಗಾಯ. ಉಸಿರು. ಅವನು ಇಲ್ಲೇ ಇದ್ದ, ಎರಡೇ ಹೆಜ್ಜೆ ಆಚೆ.

ಆ ಎರಡು ಹೆಜ್ಜೆ ಹಾಕಿ ತನ್ನ ಕೈಗಳನ್ನು ಅವನ ಮುಂದೆ ಚಾಚಿದಳು. ಎರಡೂ ಎಲೆಯಂತೆ ನಡುಗುತ್ತಿದ್ದವು.

"ನೋಡು. ಈಗಲೂ ಭಯ ಆಗ್ತಿದೆ. ಭಯ ಹೋದ್ಮೇಲೆ ಬರ್ತೀನಿ ಅಂತ ಕಾದ್ರೆ ನಾನು ಯಾವತ್ತೂ ಬರಲ್ಲ. ಅದನ್ನ ಜೊತೆಗಿಟ್ಕೊಂಡೇ ಬಂದಿದ್ದೀನಿ. ಇಬ್ಬರಿಗೂ ಜಾಗ ಕೊಡ್ತೀಯಾ?"

ಅವನು ಆ ಕೈಗಳನ್ನು ಹಿಡಿದುಕೊಂಡ. ನಡುಕ ನಿಲ್ಲಲಿಲ್ಲ, ಅವನವೂ ಸೇರಿ ನಡುಗಿದವು.

ಡಾಕ್ಟರಮ್ಮ ವಾಪಸ್ಸು ಬಂದು ಬಾಗಿಲಲ್ಲೇ ನಿಂತು, ಬಲಗಿವಿಯವರು ಬರಬಹುದು ಎಂದರು. ಒಳಗೆ ಏನು ತಿಳಿಯಲಿದೆಯೋ ಇಬ್ಬರಿಗೂ ಗೊತ್ತಿರಲಿಲ್ಲ. ಅವನು ಕದಲಲಿಲ್ಲ.

ಅವಳು ತುದಿಗಾಲಿನಲ್ಲಿ ನಿಂತು, ಅವನ ಬಲಗಿವಿಗೆ ಬಾಯಿ ತಂದಳು. ಮೈಕಿನ ದನಿಯಲ್ಲ, ಯಾರ ಅನುಕರಣೆಯೂ ಅಲ್ಲ. ಸ್ವಲ್ಪ ಒಡಕು, ಸ್ವಲ್ಪ ಒದ್ದೆ, ಅವಳೇ ಎಂದೂ ಕೇಳಿರದ ದನಿ.

"ಆಗ್ತೀನಿ. ನಿನ್ನನ್ನೇ."

ಅವನು ಕಣ್ಣು ಮುಚ್ಚಿದ.

"ಇನ್ನೊಂದ್ಸಲ ಹೇಳು."

"ಯಾಕೆ, ಕೇಳಿಸ್ಲಿಲ್ವಾ?"

"ಕೇಳಿಸ್ತು," ಎಂದ. "ಅದಕ್ಕೇ."