ಕಾಳಾಚಾರಿಯ ಜೋಡಿ ನಳಿಗೆ

“ಕೋವಿ ತಗೊಂಡೋಗಿ ಮೇಷ್ಟ್ರೇ, ಬ್ಯಾಡ ಅನ್ನಲ್ಲ. ಮಾಡ್ದೋನು ಯಾರು ಅಂತ ಮಾತ್ರ ಕೆದಕ್ಕೊಂಡು ಹೋಗ್ಬ್ಯಾಡಿ. ಹೋದೋರ ಮನೆ ಉಳಿಯಲ್ಲ.”

ದಬ್ಬೇಘಟ್ಟದ ಸಣ್ಣತಿಮ್ಮಯ್ಯ ಈ ಮಾತು ಹೇಳಿದ್ದು ಅದು ಮೂರನೆಯ ಸಲ. ಮರುಳಪ್ಪ ನಕ್ಕುಬಿಟ್ಟ.

“ಮಾಡಿದವನು ಗೊತ್ತಿಲ್ಲದ ಕೋವಿ ಕೆನ್ನೆಯ ಪಕ್ಕದಲ್ಲೇ ಸಿಡಿದರೆ ಮನೆ ಉಳಿಯುತ್ತೇನ್ರೀ? ಅಕ್ಕಿ ಕೊಳ್ಳುವಾಗಲೂ ನಾಲ್ಕು ಕಾಳು ಬಾಯಿಗೆ ಹಾಕಿ ನೋಡ್ತೀವಿ.”

ಸಣ್ಣತಿಮ್ಮಯ್ಯ ನಗಲಿಲ್ಲ. ಒಳಕೋಣೆಯಲ್ಲಿ ಅವನ ಹೆಂಡತಿ ಎಂಟು ತಿಂಗಳಿಂದ ಹಾಸಿಗೆ ಹಿಡಿದಿದ್ದಳು. ಅಟ್ಟದ ಮೇಲೆ ವರ್ಷದಿಂದ ಕೊಬ್ಬರಿಗೆಂದು ಒಣಗುತ್ತಿದ್ದ ತೆಂಗಿನಕಾಯಿಗಳ ಜಿಡ್ಡು ವಾಸನೆ ಮನೆಯನ್ನೆಲ್ಲ ತುಂಬಿತ್ತು. ಅದರ ಅಡಿಯಲ್ಲಿ ಇನ್ನೊಂದು ವಾಸನೆ, ಸುಟ್ಟ ಕೋವಿಮದ್ದಿನದು. ಅವಳು ಉಸಿರು ಬಿಟ್ಟಾಗಲೆಲ್ಲ ಅದು ಹೊಸ್ತಿಲು ದಾಟಿ ಬರುತ್ತಿತ್ತು. ಕೋವಿಯನ್ನು ಆ ಕೋಣೆಯಲ್ಲೇ ಇಟ್ಟಿದ್ದರೇನೋ ಎಂದುಕೊಂಡ ಮರುಳಪ್ಪ.

ದಾವಣಗೆರೆ ಕಡೆಯ ಅವನು ತಿಪಟೂರಿನ ಕಾಲೇಜಿಗೆ ಭೌತಶಾಸ್ತ್ರದ ಮೇಷ್ಟ್ರಾಗಿ ಬಂದದ್ದು ಎಪ್ಪತ್ತೊಂಬತ್ತರ ಜೂನ್‌ನಲ್ಲಿ. ಬೇಟೆಯ ಚಪಲ ಅವನಿಗಿರಲಿಲ್ಲ. ಅವನನ್ನು ಸೆಳೆದದ್ದು ಆ ರೈಫಲ್‌ನ ಕೆಲಸಗಾರಿಕೆ. ಎರಡು ನಳಿಗೆಗಳನ್ನು ಅಕ್ಕಪಕ್ಕ ಇಟ್ಟು, ನಡುವೆ ತೆಳು ಪಟ್ಟಿ ಕೂರಿಸಿ, ಸೀಸ ಬೆರೆಸಿದ ತವರದಲ್ಲಿ ಬೆಸೆದು, ಎರಡರ ಗುಂಡೂ ನೂರು ಗಜದಾಚೆ ಒಂದೇ ಗುರಿ ಮುಟ್ಟುವಂತೆ ಮಾಡುವುದು ದೊಡ್ಡ ದೊಡ್ಡ ವಿಲಾಯಿತಿ ಕಾರ್ಖಾನೆಗಳಿಗೇ ಬೆವರಿಳಿಸುವ ಕೆಲಸ. ಇಲ್ಲಿ ಯಾವ ಕಾರ್ಖಾನೆಯ ಮುದ್ರೆಯೂ ಇರಲಿಲ್ಲ. ಕೊಂಡು ಮನೆಗೆ ತಂದು ಹಳೆಯ ಗ್ರೀಸನ್ನು ಸೀಮೆಎಣ್ಣೆಯಲ್ಲಿ ಒರೆಸಿದಾಗ ಪಟ್ಟಿಯ ಮೇಲೆ ಸಣ್ಣ ಕನ್ನಡ ಅಕ್ಷರಗಳು ಕಂಡವು: ಕಾಳಾಚಾರಿ, ಚಿ.ನಾ.ಹಳ್ಳಿ, ೧೯೨೬.

ಲೈಸೆನ್ಸ್ ಕಾಗದ ಕಚೇರಿಯಲ್ಲಿ ಓಡಾಡುತ್ತಿದ್ದ ದಿನಗಳಲ್ಲಿ ಅವನು ಮೈಸೂರು, ಬೆಂಗಳೂರಿನ ಕೋವಿ ಅಂಗಡಿಗಳಿಗೆಲ್ಲ ಪತ್ರ ಬರೆದ. ಅಂಥ ಹೆಸರೇ ಕೇಳಿಲ್ಲವೆಂದು ಉತ್ತರ ಬಂತು. ಮೂರನೆಯ ವಾರ ಚಿಕ್ಕನಾಯಕನಹಳ್ಳಿಯ ಬಸ್ಸು ಹತ್ತಿದ.

ಊರಾಚೆಯ ಒಂಟಿ ಮನೆಯ ಜಗಲಿಯಲ್ಲಿ ಒಬ್ಬ ಮುದುಕಿ ಮೊರದಲ್ಲಿ ಅವರೆಕಾಳು ಹಸನು ಮಾಡುತ್ತಿದ್ದಳು.

“ಕಾಳಾಚಾರಿಯವರ ಮನೆ ಇದೇನಮ್ಮ?”

ಮುದುಕಿಯ ಕೈ ನಿಂತಿತು. ಅವಳು ಕಾಳಾಚಾರಿಯ ತಂಗಿ ಮುದ್ದಕ್ಕ. “ಯಾರಪ್ಪ ನಿನ್ನ ಕಳಿಸ್ದೋರು?”

“ಯಾರೂ ಕಳಿಸಲಿಲ್ಲ. ಹೋಗಬೇಡ ಅಂತಲೇ ಹೇಳಿದ್ದರು.”

“ಎಷ್ಟ್ ಸಲ?”

“ಮೂರು.”

ಮುದ್ದಕ್ಕ ಮೊರ ಕೆಳಗಿಟ್ಟು ಅವನ ಮುಖ ನೋಡಿದಳು. ಆಮೇಲೆ ಹೇಳಿದಳು. ಕೋವಿ ಮಾಡಿಸಿದವನು ಸಣ್ಣತಿಮ್ಮಯ್ಯನ ತಾತ, ದಬ್ಬೇಘಟ್ಟದ ಗೌಡ. ಬೆಸೆಯುವುದು, ಹೊಡೆದು ನೋಡುವುದು, ಮತ್ತೆ ಕಾಯಿಸಿ ಬಿಚ್ಚುವುದು, ಹೀಗೆ ನಾಲ್ಕು ತಿಂಗಳು ನಡೆಯಿತು. ಗುರಿಹಲಗೆಗೆ ಅರಿಶಿನದ ಬೊಟ್ಟಿಡುತ್ತಿದ್ದವಳು ಕಾಳಾಚಾರಿಯ ಹೆಂಡತಿ. ಒಂದು ಬೆಳಿಗ್ಗೆ ಅವಳು ಪಕ್ಕಕ್ಕೆ ಸರಿಯುವ ಮೊದಲೇ ಗೌಡ ಕೋವಿಯ ಎರಡೂ ಕುದುರೆ ಎಳೆದು ಗುಂಡು ಹಾರಿಸಿದ.

“ಎರಡ್ ಗುಂಡು, ಒಂದೇ ತೂತು. ಗೌಡ ಬಗ್ಗಿ ನೋಡ್ದ. ‘ಭೇಷ್ ಆಚಾರಿ, ಕೋವಿ ಗೆದ್ತು’ ಅಂದ. ಅಣ್ಣಂಗೆ ಪೇಟ ಸುತ್ತಿದ್ರು ಕಣಪ್ಪ. ಹೆಣ ಇನ್ನೂ ಅಲ್ಲೇ ಇತ್ತು.”

ಕಾಳಾಚಾರಿ ಪೇಟ ಸುತ್ತಿಸಿಕೊಂಡು ಮನೆಗೆ ಬಂದ. ಹೆಂಡತಿಯ ತಾಳಿಯನ್ನು ಆ ಪಟ್ಟಿಯೊಳಗಿಟ್ಟು, ಒಂಬತ್ತು ದಿನ ಬಾಯಿಗೆ ಅನ್ನ ಹಾಕದೆ ಕೊನೆಯ ಬೆಸುಗೆ ಹಾಕಿದ. ಕೋವಿ ಒಪ್ಪಿಸಿ ಬಂದು ಕುಲುಮೆಯ ತಿದಿಯ ಪಕ್ಕದಲ್ಲಿ ಮಲಗಿದವನು ಏಳಲಿಲ್ಲ. ಅಂದಿನಿಂದ ಗೌಡನ ಮನೆಗೆ ಬಂದ ಹೆಣ್ಣುಗಳೆಲ್ಲ ಮದ್ದಿನ ವಾಸನೆ ಉಸಿರಾಡಿಯೇ ಸತ್ತರು.

“ಆ ಮಾಟ ಕೋವಿ ಮಾರಿದ್ರೆ ಹೋಗೋದಲ್ಲ, ಎಸೆದ್ರೆ ಹೋಗೋದಲ್ಲ. ಬ್ಯಾಡ ಅಂದ್ರೂ ಕೇಳ್ದೆ ಅಣ್ಣನ ಹೆಸರು ಹಿಡ್ಕಂಡು ಈ ಬಾಗ್ಲಿಗೆ ಬಂದೋನ ಬೆನ್ನಿಗೇ ಬೀಳೋದು. ಇನ್ನೂ ಏಳು ತಲೆ ಆ ಮನೇನ ತಿನ್ಬೇಕಾಗಿತ್ತು. ನೀನು ಬಂದು ಬಿಡಿಸ್ಕೊಟ್ಟೆ ಅವ್ರನ್ನ.” ಅವಳ ದನಿಯಲ್ಲಿ ಮರುಕವಿರಲಿಲ್ಲ. ಕೈಗೆ ಬಂದ ಪೈರು ಕಳೆದುಕೊಂಡವಳ ಸಿಟ್ಟಿತ್ತು.

“ತವರದ ಬೆಸುಗೆಗೆ ಇಷ್ಟೆಲ್ಲ ತಿಳಿಯುತ್ತೇನಜ್ಜಿ?” ಎಂದು ನಕ್ಕು ಮರುಳಪ್ಪ ಬಸ್ಸು ಹಿಡಿದ.

ಮನೆಯ ಬಾಗಿಲು ತೆರೆದೇ ಇತ್ತು. ಅವನ ಹೆಂಡತಿ ಹೊಂಬಾಳಮ್ಮ ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದಳು. ಎತ್ತಿ ಕೂರಿಸಲು ಬಗ್ಗಿದ. ಅವಳ ಉಸಿರು ಮುಖಕ್ಕೆ ತಾಗಿತು.

ಸುಟ್ಟ ಮದ್ದು.

ಡಾಕ್ಟರು ನರದ ಬಲಹೀನತೆ ಎಂದರು. ಹತ್ತು ದಿನದಲ್ಲಿ ಅವಳ ಕೆನ್ನೆ ಒಳಕ್ಕಿಳಿಯಿತು. ಹನ್ನೊಂದನೆಯ ದಿನ ತಿಪಟೂರಿನ ಬಸ್ ಸ್ಟ್ಯಾಂಡಿನಲ್ಲಿ ಸಣ್ಣತಿಮ್ಮಯ್ಯ ಸಿಕ್ಕ. ಪಕ್ಕದಲ್ಲಿ ಅವನ ಹೆಂಡತಿ, ತಲೆಗೆ ಕನಕಾಂಬರ ಮುಡಿದು, ಕಡಲೆಪುರಿ ತಿನ್ನುತ್ತಿದ್ದಳು.

“ಕೋವಿ ವಾಪಸ್ ತಗೊಳ್ರೀ,” ಮರುಳಪ್ಪ ಅವನ ತೋಳು ಹಿಡಿದ. “ಕಾಲಿಗೆ ಬೀಳ್ತೀನಿ.”

ಸಣ್ಣತಿಮ್ಮಯ್ಯ ಮೆಲ್ಲಗೆ ತೋಳು ಬಿಡಿಸಿಕೊಂಡ. “ಬ್ಯಾಡ ಅಂದಿದ್ದೆ ತಾನೆ ಮೇಷ್ಟ್ರೇ? ನಿಮ್ಮಂಥ ಓದ್ದೋರು ಬ್ಯಾಡ ಅಂದಿದ್ದನ್ನೇ ಮಾಡೋದು ಅಂತ ನಮ್ಗೂ ಗೊತ್ತು ಬುಡಿ.” ಹೆಂಡತಿಯ ಕಡೆ ತಿರುಗಿದ. “ನಡಿಯೇ, ಬಸ್ ಬಂತು.”

ಆ ರಾತ್ರಿಯೆಲ್ಲ ಮರುಳಪ್ಪ ಯೋಚಿಸಿದ. ನಂಬುವುದಾದರೆ ಪೂರ್ತಿ ನಂಬಬೇಕು, ಲೆಕ್ಕ ತಪ್ಪದಂತೆ ನಂಬಬೇಕು. ಮಾಟ ಇರುವುದು ಪಟ್ಟಿಯೊಳಗೆ. ಪಟ್ಟಿ ನಿಂತಿರುವುದು ತವರದ ಮೇಲೆ. ತವರ ಕರಗಿದರೆ ಉಳಿಯುವುದು ಎರಡು ಕಬ್ಬಿಣದ ಕೊಳವೆ, ಒಂದು ಚೂರು ಚಿನ್ನ. ಅದನ್ನು ಹೊಳೆಗೆ ಬಿಟ್ಟರಾಯಿತು.

ಭಾನುವಾರ ಮಧ್ಯಾಹ್ನ ಹೊಂಬಾಳಮ್ಮನನ್ನು ನೆರೆಮನೆಯ ಲಕ್ಷ್ಮಕ್ಕನಿಗೆ ಒಪ್ಪಿಸಿ, ಖಾಲಿ ಕಾಲೇಜಿನ ಲ್ಯಾಬಿಗೆ ಹೋದ. ನಳಿಗೆಗಳನ್ನು ಮೇಜಿನ ಕ್ಲ್ಯಾಂಪಿಗೆ ಬಿಗಿದು ಬ್ಲೋಲ್ಯಾಂಪ್ ಹಚ್ಚಿದ. ಪಕ್ಕದಲ್ಲಿ ನೋಟ್‌ಬುಕ್ ತೆರೆದ. ನೂರು ಡಿಗ್ರಿ. ನೂರ ನಲವತ್ತು. ಬೆಸುಗೆಯಲ್ಲಿದ್ದ ಹಳೆಯ ರಾಳ ಹೊಗೆಯಾಡಿತು. ನೂರ ಎಂಬತ್ತು. ಸ್ಟೇಷನ್ ಕಡೆಯಿಂದ ರೈಲು ಕೂಗಿತು. ಅದೇ ಹೊತ್ತಿಗೆ ಮೊದಲ ಹನಿ ತವರ ಮೇಜಿನ ಮೇಲೆ ತೊಟ್ಟಿಕ್ಕಿತು. ಅವನ ಕಣ್ಣಲ್ಲಿ ನೀರು ಬಂತು. ಬೇಗ ಮುಗಿಯಲೆಂದು ಉರಿ ಏರಿಸಿದ.

ಹನಿ. ಇನ್ನೊಂದು ಹನಿ. ಕೋಣೆಯ ವಾಸನೆ ಬದಲಾಯಿತು. ರಾಳದ್ದಲ್ಲ. ಕೂದಲು ಸುಟ್ಟ ವಾಸನೆ. ಚರ್ಮದ್ದು. ಅವನು ನಿಲ್ಲಿಸಲಿಲ್ಲ. ಪಟ್ಟಿ ಸಡಿಲಿತು. ಇಕ್ಕಳದಲ್ಲಿ ಹಿಡಿದ. ಎಳೆದ. ತುದಿಯಿಂದ ತುದಿಗೆ ಸುಲಿದು ಬಂತು. ಒಳಗೆ ತಾಳಿ ಇತ್ತು.

ಬಟ್ಟೆಯಲ್ಲಿ ಹಿಡಿದು ಒರೆಸಿದ. ಎರಡು ಚಿನ್ನದ ಗುಂಡು, ಎರಡು ಹವಳ. ಎಡಗಡೆಯ ಹವಳದ ಅಂಚು ಮುಕ್ಕಾಗಿತ್ತು.

ಆ ಮುಕ್ಕು ಅವನಿಗೆ ಗೊತ್ತಿತ್ತು. ಮದುವೆಯಾದ ಮೂರನೆಯ ದಿನ, ಬಾವಿಕಟ್ಟೆಗೆ ತಾಗಿ ಆದದ್ದು. ಈ ತಾಳಿಯನ್ನು ಕಟ್ಟಿದವನು ಅವನೇ.

ಓಡಿದ. ಚಪ್ಪಲಿ ಬಿಟ್ಟು ಓಡಿದ. ಬೀದಿ ತಿರುವಿನಲ್ಲೇ ಜನ ಕಂಡರು. ಅವನನ್ನು ನೋಡಿ ದಾರಿ ಬಿಟ್ಟರು. ಒಳಗೆ ನೆಲವೆಲ್ಲ ನೀರು. ನೀರಿನ ನಡುವೆ ಹೊಂಬಾಳಮ್ಮ. ಕೊರಳಿನ ದಾರ ಬರಿದಾಗಿತ್ತು. ಗಂಟಲಿನಿಂದ ಹೊಕ್ಕುಳಿನವರೆಗೆ ಎರಡು ಬೆರಳಗಲದ ಚರ್ಮ, ಗೆರೆ ಎಳೆದಷ್ಟು ನೇರವಾಗಿ, ಸುಲಿದು ಹೋಗಿತ್ತು. ಉಸಿರಿರಲಿಲ್ಲ.

ಗೋಡೆಗೆ ಒರಗಿ ಕೂತಿದ್ದ ಲಕ್ಷ್ಮಕ್ಕ ಅವನತ್ತ ನೋಡದೆ ಹೇಳಿದಳು. “ರೈಲು ಕೂಗ್ದಾಗ ಶುರುವಾಯ್ತು. ಎದೆ ಉರೀತದೆ ಅಂದ್ಳು. ಕೊಡಗಟ್ಲೆ ನೀರು ಸುರುದ್ವಿ, ಮೈ ಮೇಲೇ ಕುದೀತು. ‘ಅವ್ರನ್ನ ಕರೀರಿ, ನಿಲ್ಸಕ್ಕೆ ಹೇಳಿ, ನಿಲ್ಸಕ್ಕೆ ಹೇಳಿ’ ಅಂತ ಕೊನೇವರ್ಗೂ ಕಿರುಚ್ತಾನೇ ಇದ್ಳು. ಏನ ನಿಲ್ಲಿಸ್ಬೇಕು ಅಂತ ನಮ್ಗೆ ತಿಳೀಲೇ ಇಲ್ಲ ಕಣಪ್ಪ.”