ಸಡಿಲಾದ ಎರಡು ಕೊಂಡಿಗಳು

ಫೆಬ್ರವರಿ ಆರು, ಮಂಗಳವಾರ, ಮಧ್ಯಾಹ್ನ ಮೂರು ಇಪ್ಪತ್ತಕ್ಕೆ ಓಬರ್‌ಗ್ರಾಟ್ ಠಾಣೆಗೆ ದೂರು ಬಂತು. ದೂರುದಾರ ಗೆರ್ನೋಟ್ ಲೈಟ್ನರ್, ನಲವತ್ತನಾಲ್ಕು ವರ್ಷ, ಲಿಂಟ್ಸ್ ನಗರದವನು. ಚಳಿಗಾಲದ ಶಾಲಾ ರಜೆಗೆ ಹೆಂಡತಿ, ಮಗಳು, ತಮ್ಮನ ಜೊತೆ ಬಂದಿದ್ದ. ಸ್ಕೀ ಬೂಟನ್ನೂ ಬಿಚ್ಚದೆ ಟಕಟಕ ಎನ್ನುತ್ತ ಒಳಬಂದವನು ನಿಂತೇ ಹೇಳಿದ. ತಮ್ಮ ಫೋಲ್ಕರ್ ಕಡಿದಾದ ಇಳಿಜಾರಿನಲ್ಲಿ ಬರುವಾಗ ಒಂದು ಕಾಲಿನ ಸ್ಕೀ ತಾನಾಗಿಯೇ ಕಳಚಿ, ಬೇಲಿಯ ಕಂಬಕ್ಕೆ ಬೆನ್ನು ಬಡಿದಿದೆ. ಹೆಲಿಕಾಪ್ಟರಿನಲ್ಲಿ ಇನ್ಸ್‌ಬ್ರುಕ್ಕಿಗೆ ಒಯ್ದಿದ್ದಾರೆ. ಕಾಲು ಮುಟ್ಟಿದರೆ ಗೊತ್ತಾಗುತ್ತಿಲ್ಲವಂತೆ. ತಪ್ಪೆಲ್ಲ ಬಾಡಿಗೆಗೆ ಸ್ಕೀ ಕೊಟ್ಟ ಅಂಗಡಿಯದು.

"ನನ್ನದೂ ಒಂದು ಕಳಚ್ಕೊಳ್ತು, ಅವನು ಬಿದ್ದ ಅಂತ ನಿಲ್ಲೋಕೆ ಹೋದಾಗ. ನಾನು ಬಚಾವಾದೆ, ಅಷ್ಟೆ."

"ಯಾವ ಕಾಲಿಂದು?" ಇನ್ಸ್‌ಪೆಕ್ಟರ್ ರೋಸ್ವಿತಾ ಫಾಲ್ಕ್ನರ್ ಕೇಳಿದಳು.

"ನನ್ನದು ಎಡ, ಅವನದು ಬಲ. ಅದರಿಂದ ಏನಾಗ್ಬೇಕು ನಿಮಗೆ?"

ಅವಳು ಬರೆದುಕೊಂಡಳು. ಅವನು ಹೊರಡುವಾಗ ಇನ್ನೊಂದು ಮಾತು ಸೇರಿಸಿದ: ಬೇರೆ ಸ್ಕೀ ಬೇಗ ಸಿಗುವಂತೆ ನೋಡಿಕೊಳ್ಳಬೇಕು, ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಮಗಳನ್ನು ಕರಡಿ ಕೊರಕಲಿನಲ್ಲಿ ಇಳಿಸುವುದಿದೆ. ಒಂಬತ್ತು ವರ್ಷ ತುಂಬಿದ ಲೈಟ್ನರ್ ಮಕ್ಕಳೆಲ್ಲ ಅದನ್ನು ಇಳಿದವರೇ.

"ತಮ್ಮ ಆಸ್ಪತ್ರೇಲಿದ್ರೂ?"

"ಬಿದ್ದ ಮಾತ್ರಕ್ಕೆ ನಿಲ್ಲಿಸೋ ಜನ ಅಲ್ಲ ನಾವು."

ನಿರ್ಲಕ್ಷ್ಯದಿಂದ ಗಾಯ ಎಂದು ಎಫ್‌ಐಆರ್ ದಾಖಲಾಯಿತು. ಹೊರಗೆ ಮೂರು ದಿನದಿಂದ ತೆಂಕಣದ ಬಿಸಿಗಾಳಿ. ಸೂರಿನಿಂದ ಹಿಮ ಕರಗಿ ತೊಟ್ಟಿಕ್ಕುತ್ತಿತ್ತು, ಊರಿಗೆ ಊರೇ ತಲೆನೋವು ಎನ್ನುತ್ತಿತ್ತು. ರೋಸ್ವಿತಾಳಿಗೆ ಕುಳಿತಲ್ಲಿ ಕೂರಲಾಗಲಿಲ್ಲ. ಹಿಮಕುಸಿತದ ಎಚ್ಚರಿಕೆಯ ಹಲಗೆಯಲ್ಲಿ ಐದರಲ್ಲಿ ನಾಲ್ಕನೆಯ ಹಂತ ಹಾಕಿತ್ತು. ಆದರೆ ಕರಡಿ ಕೊರಕಲು ಸ್ಕೀ ದಾರಿಯಲ್ಲ, ಬರೀ ಬೆಟ್ಟದ ಸೀಳು. ಅದನ್ನು ಮುಚ್ಚುವ ಅಧಿಕಾರ ಅವಳಿಗಿರಲಿಲ್ಲ.

ನಾಲ್ಕು ಗಂಟೆಗೆ ಬಾಡಿಗೆ ಅಂಗಡಿಯಲ್ಲಿ ಪಂಚನಾಮೆ ನಡೆಯಿತು; ಅಣ್ಣತಮ್ಮಂದಿರ ಸ್ಕೀಗಳನ್ನು ಅಲ್ಲಿಗೆ ತಂದಿಟ್ಟಿದ್ದರು. ಅಣ್ಣನ ಜೋಡಿಯ ಸಂಖ್ಯೆ 214, ತಮ್ಮನದು 215. ಬೂಟನ್ನು ಹಿಡಿಯುವ ಕೊಂಡಿಯ ಬಿಗಿಯನ್ನು ಅಂಗಡಿಯವರು ತೂಕ, ವಯಸ್ಸು ನೋಡಿ ಏಳಕ್ಕೆ ಇಟ್ಟದ್ದಕ್ಕೆ ಚೀಟಿಯಿತ್ತು, ಲೈಟ್ನರ್ ಸಹೋದರರ ಸಹಿಯಿತ್ತು. ಈಗ 214ರ ಎಡ ಸ್ಕೀ, 215ರ ಬಲ ಸ್ಕೀ, ಎರಡೂ ಎರಡಕ್ಕೆ ಇಳಿದಿದ್ದವು. ಉಳಿದೆರಡು ಏಳರಲ್ಲೇ ಇದ್ದವು. ತಿರುಪಿನ ತಲೆಯ ಮೇಲೆ ಹೊಸ ಗೀರು.

"ಯಾರೋ ತಿರುಗಿಸಿದಾರೆ" ಅಂದ ಕಾನ್‌ಸ್ಟೇಬಲ್ ವೆಂಡೆಲಿನ್. "ಆದ್ರೆ ಮೇಡಂ, ಅಣ್ಣನ ಮೇಲೆ ಸಿಟ್ಟಿದ್ರೆ ಅಣ್ಣನ ಎರಡೂ, ತಮ್ಮನ ಮೇಲಿದ್ರೆ ತಮ್ಮನ ಎರಡೂ ಸಡಿಲಿಸ್ಬೇಕು. ಒಬ್ಬೊಬ್ಬರದು ಒಂದೊಂದು, ಇದ್ಯಾವ ನ್ಯಾಯ?"

ಹೊರಬಂದಾಗ ವೆಂಡೆಲಿನ್ ಜೀಪಿನ ಬಾಗಿಲು ತೆಗೆಯಲೆಂದು ಸ್ಕೀಗಳನ್ನು ಗೋಡೆಗೆ ಒರಗಿಸಿದ. 214ರ ಒಂದನ್ನು 215ರ ಒಂದರ ಜೊತೆ ಈ ಕಡೆ, ಮಿಕ್ಕೆರಡನ್ನು ಆ ಕಡೆ.

"ಯಾಕೆ ಹಾಗಿಟ್ಟೆ?"

"ಹಾಗೆ ಅಂದ್ರೆ?" ಅವನು ನೋಡಿ ನಕ್ಕ. "ಓ, ಕೈ ಅಭ್ಯಾಸ ಮೇಡಂ. ಅದಲುಬದಲಾಗಿ ಇಟ್ರೆ ಕಳ್ಳನಿಗೆ ಜೋಡಿ ಸಿಗಲ್ಲ. ಸ್ಕೀ ಮಾಡೋರೆಲ್ಲ ಹೀಗೇ ತಾನೆ ಇಡೋದು?"

ರೋಸ್ವಿತಾ ಒಂದು ಕ್ಷಣ ಆ ಗೋಡೆಯನ್ನೇ ನೋಡುತ್ತ ನಿಂತಳು. ಹೀಗೇ ಪಕ್ಕಪಕ್ಕ ನಿಂತಿದ್ದ ಅವು ಸಡಿಲಿಸಿದ ಕೈಗೆ ಒಬ್ಬನದೇ ಜೋಡಿ ಎಂದು ಕಂಡಿದ್ದವು. ಹಾಗೆ ಕಾಣುವುದು ಈ ಅಭ್ಯಾಸ ಗೊತ್ತಿಲ್ಲದವರಿಗೆ ಮಾತ್ರ. ಎಂದರೆ, ಸ್ಕೀ ಮಾಡದವರಿಗೆ.

ನಾಲ್ಕು ಐವತ್ತಕ್ಕೆ ಬೆಟ್ಟವೇರುವ ತಂತಿಬಂಡಿ ಹಿಡಿದು ಮೇಲಿನ ಊಟದ ಗುಡಿಸಲಿಗೆ ಹೋದರು. ಗುಡಿಸಲಿನ ಒಡತಿ ಮುದುಕಿ ಆಫ್ರಾ, ರೋಸ್ವಿತಾಳನ್ನು ತೊಟ್ಟಿಲಿನಿಂದ ಬಲ್ಲವಳು. ಅಣ್ಣತಮ್ಮಂದಿರು ಹನ್ನೆರಡೂವರೆಗೆ ಬಂದರಂತೆ. ಅಣ್ಣನ ಹೆಂಡತಿ ತಂತಿಬಂಡಿಯಲ್ಲಿ ಬಂದು ಅವರ ಜೊತೆ ಊಟಕ್ಕೆ ಕೂತಳಂತೆ. ಮಗುವಿನ ವಿಷಯಕ್ಕೆ ಮಾತು ಬೆಳೆಯಿತು. ತಮ್ಮ, "ಬಿಡೋ ಅಣ್ಣ, ಇನ್ನೊಂದು ವರ್ಷ ಹೋಗ್ಲಿ" ಅಂದನಂತೆ. ಅಣ್ಣ ಕೇಳಲಿಲ್ಲ, ನಕ್ಕು ಇನ್ನೊಂದು ಸುತ್ತು ಮದ್ಯ ತರಿಸಿದ.

"ಅವಳು?"

"ಎದ್ದು ಹೊರಗೆ ಹೋದ್ಲು. ಚೀಸುಂಡೆ ಸಾರು ಹಾಗೇ ಆರಿಹೋಯ್ತು ಕಣೇ ರೋಸಿ. ಸ್ಕೀ ನಿಲ್ಲಿಸೋ ಹತ್ರ ಸರಪಳೀಲಿ ಕಟ್ಟಿರೋ ತಿರುಪುಳಿ ಹಿಡ್ಕೊಂಡು ಬಗ್ಗಿದ್ದು ಕಿಟಕೀಲಿ ಕಾಣ್ತು. ಊರೊಳಗೆ ಹಾಕೋ ಬೂಟು ಕಾಲಲ್ಲಿ, ಇವಳಿಗ್ಯಾಕೆ ಈ ರಿಪೇರಿ ಅಂತ ನಗು ಬಂತು ನಂಗೆ."

ಆರು ಗಂಟೆಗೆ ಅವರು ಲೈಟ್ನರ್ ಕುಟುಂಬ ಇಳಿದುಕೊಂಡಿದ್ದ ಮನೆಗೆ ಹೋದರು. ಗೆರ್ನೋಟ್ ಆಸ್ಪತ್ರೆಗೆ ಹೋಗಿದ್ದ. ಮಗಳು ರೋನ್ಯಾ ಕೆಳಗೆ ಮನೆಯೊಡತಿಯ ಜೊತೆ ಇಸ್ಪೀಟು ಆಡುತ್ತಿದ್ದಳು. ಮೇಲೆ ಕೋಣೆಯಲ್ಲಿ ಮಾರ್ಗಿಟ್ ಲೈಟ್ನರ್ ಮಗುವಿನ ಒದ್ದೆ ಕೈಗವಸುಗಳನ್ನು ಬಿಸಿನೀರ ಕೊಳವೆಯ ಮೇಲೆ ಹರವುತ್ತಿದ್ದಳು. ಇವರನ್ನು ಕಂಡರೂ ಅವಳ ಕೈ ನಿಲ್ಲಲಿಲ್ಲ.

"ನಿಮಗೆ ಸ್ಕೀ ಬರತ್ತಾ?"

"ಇಲ್ಲ."

"ಹನ್ನೆರಡು ವರ್ಷದಿಂದ ಬರ್ತಿದ್ದೀರಂತೆ."

"ಬಂದು ಕಾಯ್ತೀನಿ. ಅದಷ್ಟೇ ನನ್ನ ಕೆಲಸ."

"ಇವತ್ತು ತಿರುಪುಳಿ ಹಿಡ್ಕೊಂಡಿದ್ರಿ."

ಅವಳು ಕೈಗವಸಿನ ಹೆಬ್ಬೆರಳನ್ನು ಒಳಗಿನಿಂದ ಹೊರಕ್ಕೆ ಮಗುಚಿದಳು. ಆಮೇಲೆ ಎಲ್ಲವನ್ನೂ ಹೇಳಿದಳು. ಊಟದ ಮೇಲೆ ಅವರು ಅಗಲವಾದ ಸುಲಭದ ದಾರಿಯಲ್ಲೇ ಊರಿಗೆ ಇಳಿಯುತ್ತಾರೆ ಅಂದುಕೊಂಡಿದ್ದಳು. ಗಂಡ ಮೆತ್ತಗೆ ಬೀಳಬೇಕು, ಮಂಡಿ ಉಳುಕಬೇಕು, ರಜೆ ಮುಗಿಯಬೇಕು. ಗಂಡ ನಿಲ್ಲಿಸಿದ ಜಾಗದಲ್ಲಿ ಪಕ್ಕಪಕ್ಕ ಇದ್ದ ಎರಡನ್ನು ಸಡಿಲಿಸಿದ್ದಳು. ಕುಡಿದ ಜೋರಿಗೆ ಅಣ್ಣತಮ್ಮ ಪಂದ್ಯ ಕಟ್ಟಿ ಕಡಿದಾದ ದಾರಿ ಹಿಡಿಯುತ್ತಾರೆಂದು ಅವಳಿಗೆ ಹೊಳೆದಿರಲಿಲ್ಲ.

"ಮೂರು ವಾರದಿಂದ ಹೇಳ್ತಿದ್ದೆ. ಅತ್ತು ಕರೆದೆ, ಹಿಮಕುಸಿತದ ಹಲಗೆ ತೋರಿಸ್ದೆ. 'ನಿನಗೇನು ಗೊತ್ತು' ಅಂತಾರೆ. ಹೌದಲ್ವಾ, ನನಗೇನೂ ಗೊತ್ತಿರ್ಲಿಲ್ಲ. ಜೋಡಿ ಯಾವುದು ಅಂತ್ಲೂ." ಅವಳು ಕೈಗವಸನ್ನು ಕೊಳವೆಯ ಮೇಲಿಟ್ಟಳು. "ಆ ಮನೇಲಿ ನನ್ನ ಪರ ಮಾತಾಡಿದೋನು ಫೋಲ್ಕರ್ ಒಬ್ಬನೇ."

ಆರು ಇಪ್ಪತ್ತೈದಕ್ಕೆ ಬಂಧನವಾಯಿತು. ಎಫ್‌ಐಆರ್‌ನಲ್ಲಿ ನಿರ್ಲಕ್ಷ್ಯ ಎಂಬ ಮಾತು ಹೊಡೆದುಹೋಗಿ ಉದ್ದೇಶಪೂರ್ವಕ ಎಂದಾಯಿತು. ಕೋಟು ತೊಡುತ್ತ ಮಾರ್ಗಿಟ್ ಕೇಳಿದ್ದು ಒಂದೇ: "ನಾಳೆ ಅವರು ಅವಳನ್ನ ಕರ್ಕೊಂಡು ಹೋಗ್ತಾರಾ?"

ರೋಸ್ವಿತಾಳನ್ನೂ ಏಳನೆಯ ವಯಸ್ಸಿನಲ್ಲಿ ಅಪ್ಪ ಅದೇ ಕೊರಕಲಿಗೆ ಒಯ್ದಿದ್ದ. ಅಮ್ಮ ಕಿಟಕಿಗೆ ಬೆನ್ನು ಹಾಕಿ ಹಿಟ್ಟು ನಾದುತ್ತ ನಿಂತಿದ್ದಳು. ತಾನು ಮರಳಿದಾಗ ಆ ಹಿಟ್ಟು ಕಲ್ಲಿನಂತಾಗಿತ್ತು, ಅಮ್ಮ ಇನ್ನೂ ನಾದುತ್ತಿದ್ದಳು. ಅದು ಅಮ್ಮನ ಧೈರ್ಯವೆಂದು ರೋಸ್ವಿತಾ ಇಷ್ಟು ವರ್ಷ ನಂಬಿಕೊಂಡಿದ್ದಳು.

ಮೆಟ್ಟಿಲ ಕೆಳಗೆ, ಸ್ಕೀ ಕೋಣೆಯಲ್ಲಿ, ವೆಂಡೆಲಿನ್ ವಶಪಡಿಸಿಕೊಂಡ ವಸ್ತುಗಳ ಪಟ್ಟಿ ಮುಗಿಸುತ್ತಿದ್ದ.

"ಐದನೇದು ಬರ್ಕೊ" ಅಂದಳು ರೋಸ್ವಿತಾ. "ಮಕ್ಕಳ ಸ್ಕೀ, ಒಂದು ಜೋಡಿ, ಸಂಖ್ಯೆ 216. ಬೂಟು ಸಮೇತ."

"ಮೇಡಂ, ಕೇಸಿಗೂ ಅದಕ್ಕೂ..."

"ಬರ್ಕೊ."

ಅವನು ಬರೆದ. ಅವಳು ಆ ಪುಟ್ಟ ಜೋಡಿಯನ್ನು ತಾನೇ ಹೆಗಲಿಗೇರಿಸಿ ಜೀಪಿನತ್ತ ನಡೆದಳು.