ರೇಣುಕವ್ವ ಆರಿಸಿದ ಹಾಯಿದೋಣಿ

"ಈ ಮನಿಗೆ ದೋಣಿ ಬಂದ ದಿನ ನನ್ನ ಹೆಣ ಹೊರಗ ಹೋಗತೈತಿ, ತಿಳೀತಿಲ್ಲೋ!" ಹೊನ್ನವ್ವ ಮುಂದಿದ್ದ ತಾಟನ್ನು ದೂಡಿದ ರಭಸಕ್ಕೆ ರೊಟ್ಟಿ, ಪುಂಡಿಪಲ್ಯ ನೆಲಕ್ಕೆಲ್ಲ ಚೆಲ್ಲಿದವು. ಮಗ ಅಯ್ಯಪ್ಪ ತಲೆ ತಗ್ಗಿಸಿ ಕುಳಿತ. ಸೊಸೆ ರೇಣುಕವ್ವ ಮಾತ್ರ ಒಲೆಯ ಮುಂದಿನಿಂದ ಎದ್ದು ನಿಂತಳು.

ಅತ್ತೆಯ ಸಿಟ್ಟಿಗೆ ಕಾರಣವಿರಲಿಲ್ಲವೆಂದಲ್ಲ. ಅವರ ಮನೆ, ಹೊಲ ಎರಡೂ ಹೊಳೆಆಲೂರಿನ ಎದುರು, ಮಲಪ್ರಭೆಯ ಈಚೆ ದಂಡೆಯಲ್ಲಿದ್ದವು. ಅಯ್ಯಪ್ಪ ಇನ್ನೂ ಹುಡುಗನಿದ್ದಾಗ ಹೊನ್ನವ್ವನ ಗಂಡ ದೋಣಿ ಮಗುಚಿ ಹೊಳೆಯ ಪಾಲಾಗಿದ್ದ. ಅಂದಿನಿಂದ ಆ ಮನೆಯಲ್ಲಿ ದೋಣಿಯ ಹೆಸರೆತ್ತುವಂತಿರಲಿಲ್ಲ. ಆದರೆ ಐವತ್ತೈದನೇ ಇಸವಿಯ ಶ್ರಾವಣದಲ್ಲಿ ಹೊಳೆ ತುಂಬಿ ಹರಿಯುವಾಗ ರೇಣುಕವ್ವನ ಹಿರಿಮಗಳು ಶಂಕ್ರವ್ವ ಜ್ವರದಲ್ಲಿ ಬೆಂದುಹೋದಳು. ಆಚೆ ದಂಡೆಯ ಊರು ಕಣ್ಣಿಗೆ ಕಾಣುತ್ತಿತ್ತು... ದವಾಖಾನೆ ಮಾತ್ರ ಕೈಗೆ ಎಟುಕಲಿಲ್ಲ! "ಯವ್ವಾ, ನೀರು ಯಾವಾಗ ಇಳೀತೈತಿ?" ಎಂದು ಕೇಳುತ್ತ ಕೇಳುತ್ತಲೇ ಆ ಕೂಸು ತಾಯಿಯ ತೊಡೆಯ ಮೇಲೆ ಕಣ್ಣು ಮುಚ್ಚಿತು.

"ಅತ್ತೀ, ನಿಮ್ಮ ಗಂಡನ್ನ ದೋಣಿ ತಿಂತು. ನನ್ನ ಮಗಳನ್ನ ದೋಣಿ ಇಲ್ಲದ್ದು ತಿಂತು. ಇನ್ನೊಂದು ಕೂಸು ಬಗಲಾಗೈತಿ. ಇದನ್ನ ನಾ ಕೊಡೂದಿಲ್ಲ! ನಾಳೆ ಕೊಣ್ಣೂರಿಗೆ ಹೊಂಟೇನಿ."

ಕೊಣ್ಣೂರಿನಲ್ಲಿ ಹಸನಬಿ ಎಂಬ ವಿಧವೆ, ಸತ್ತ ಗಂಡನ ಎರಡು ಹಳೆಯ ಹಾಯಿದೋಣಿಗಳನ್ನು ಮಾರಲಿಟ್ಟಿದ್ದಳು. ಒಂದಕ್ಕೆ ನೀಲಿ ಬಣ್ಣ, ಹೊಸ ಹಾಯಿ, ಸಪೂರ ಮೈ. ಅಯ್ಯಪ್ಪನ ಕಣ್ಣುಗಳು ಅರಳಿದವು. "ಇದಾ ಚಲೋ ಐತಿ. ಭಾಳ ಲಗೂ ಓಡತೈತಿ."

ಕೂಸನ್ನೆತ್ತಿಕೊಂಡು ರೇಣುಕವ್ವ ಕಾಲಿಟ್ಟಿದ್ದೇ ತಡ, ದೋಣಿ ಒಂದು ಬದಿಗೆ ವಾಲಿತು. ಬಗ್ಗಿ ತಳದ ಹಲಗೆಯನ್ನು ಒತ್ತಿದಳು. ಬಣ್ಣದಡಿಯ ಕೊಳೆತ ಮರಕ್ಕೆ ಉಗುರು ಸರಕ್ಕನೆ ಇಳಿಯಿತು. ಇನ್ನೊಂದು ದೋಣಿ ಡಾಂಬರು ಬಳಿದ ಕಪ್ಪು ಮೈಯದು, ಅಗಲ ತಳದ್ದು. ಹಾಯಿಯ ತುಂಬ ತೇಪೆ. ಅದರೊಳಗೆ ಕುಳಿತಳು, ನಿಂತಳು, ಗಂಡನನ್ನು ಅಂಚಿನ ಮೇಲೆ ಕೂರಿಸಿದಳು. ದೋಣಿ ಅಲುಗಿ ಮತ್ತೆ ಸಮನಾಯಿತು.

"ಖರೇ ಹೇಳ್ರಿ, ನಿಮ್ಮ ಮಕ್ಕಳನ್ನ ಯಾವುದರಾಗ ಕುಂಡ್ರಸ್ತಿದ್ರಿ?"

ಹಸನಬಿ ಸೆರಗಿನಿಂದ ಕಣ್ಣೊರೆಸಿಕೊಂಡು ಕಪ್ಪು ದೋಣಿಯ ಮೈ ಸವರಿದಳು. "ಇದರಾಗ ಯವ್ವಾ... ಇದರಾಗ ಕುಂತು ನಾ ಒಮ್ಮೆಯೂ ಅಂಜಿಲ್ಲ."

"ಹಂಗಾರ ಇದಾ ನಮಗ."

"ಮೆತ್ತಗ ಹೋಗತೈತಲ್ಲ ಇದು," ಎಂದ ಅಯ್ಯಪ್ಪ.

"ಹೋಗಲಿ ಬಿಡ್ರಿ. ದಂಡಿ ಮುಟ್ಟಿಸಿದ್ರ ಸಾಕು!"

ಚಿಕ್ಕಂದಿನಲ್ಲಿ ಅಪ್ಪನಿಂದ ಕಲಿತ ದೋಣಿ ನಡೆಸುವುದನ್ನು ಅಯ್ಯಪ್ಪನ ಕೈ ಮರೆತಿರಲಿಲ್ಲ. ಪಡುವಣ ಗಾಳಿಗೆ ಹಾಯಿ ಉಬ್ಬಿಸಿಕೊಂಡು ದೋಣಿ ಮನೆಯ ದಂಡೆಗೆ ಬಂದಾಗ ಹೊನ್ನವ್ವ ಕೊಡಲಿ ಹಿಡಿದು ನಿಂತಿದ್ದಳು! ಅಯ್ಯಪ್ಪ ಹಗ್ಗವನ್ನು ಜಾಲಿಮರಕ್ಕೆ ಸುತ್ತಿ, ಓಡಿಬಂದು ತಾಯಿಯ ಕಾಲು ಹಿಡಿದ.

"ಕೆಳಗ ಇಳಿ, ರೇಣುಕಾ! ಈಗಿಂದೀಗ ಇದನ್ನ ಒಡದು ಒಲಿಗೆ ಹಾಕತೇನಿ!"

ರೇಣುಕವ್ವ ಇಳಿಯಲಿಲ್ಲ. ಕೂಸನ್ನು ಎದೆಗವಚಿಕೊಂಡು ದೋಣಿಯ ನಡುವೆ ಕುಳಿತಳು. "ಹೊಡೀರಿ ಅತ್ತೀ! ನಾವಿಬ್ಬರೂ ಇಲ್ಲೇ ಅದೇವಿ. ಶಂಕ್ರವ್ವಗ ಮಣ್ಣು ಕೊಟ್ಟಂಗ ನಮಗೂ ಕೊಡ್ರಿ. ದೋಣಿ ಬಿಟ್ಟು ಮಾತ್ರ ನಾ ಏಳೂದಿಲ್ಲ!"

ಕೊಡಲಿ ಮೇಲೆದ್ದಿತು... ಗಾಳಿಯಲ್ಲೇ ನಿಂತಿತು... "ಶಂಕ್ರವ್ವ ನನ್ನ ಕೈಯಾಗೂ ಆಡಿದ ಕೂಸವ್ವಾ..." ಎನ್ನುತ್ತ ಮುದುಕಿ ಕೆಸರಿನಲ್ಲಿ ಕುಸಿದಳು. ಕೊಡಲಿ ಪಕ್ಕಕ್ಕೆ ಬಿತ್ತು. ಆ ಸಾವಿಗೆ ಅವಳು ಬಾಯಿಬಿಟ್ಟು ಅತ್ತದ್ದು ಅದೇ ಮೊದಲು. ರೇಣುಕವ್ವನ ಕಣ್ಣಲ್ಲೂ ನೀರು ಹರಿಯುತ್ತಿತ್ತು. ಆದರೂ ಅವಳು ಕುಳಿತಲ್ಲಿಂದ ಕದಲಲಿಲ್ಲ.

ಬಹಳ ಹೊತ್ತಿನ ಮೇಲೆ ಹೊನ್ನವ್ವ ಎದ್ದಳು. ಮಗ ಕಟ್ಟಿದ್ದ ಹಗ್ಗವನ್ನು ಬಿಚ್ಚಿ, ಮತ್ತೆ ಬಿಗಿಯಾಗಿ ಸುತ್ತಿ, ಜಗ್ಗಿ ನೋಡಿದಳು. "ಹಂಗ ಸಡ್ಲ ಕಟ್ಟಿದ್ರ ಹೊಳಿ ಏರಿದಾಗ ಹರಕೊಂಡು ಹೋಗತೈತಿ," ಎಂದು ಗೊಣಗಿದಳು. "ನಾ ಮಾತ್ರ ಇದರಾಗ ಕಾಲಿಡೂದಿಲ್ಲ!"

"ಇಡಬ್ಯಾಡ್ರಿ. ಕೂಸಿಗೆ ಜ್ವರಾ ಬಂದ ದಿನ ನಾ ಕರಕೊಂಡು ಹೋಗತೇನಿ. ನೀವು ದಂಡಿಮ್ಯಾಲೆ ನಿಂತು ಬೈರಿ."

ಹೊನ್ನವ್ವ ಕೂಸನ್ನು ಇಳಿಸಿಕೊಳ್ಳಲು ಎರಡೂ ಕೈ ಚಾಚಿ, ಸೀರೆ ತೊಯ್ಯುವುದನ್ನೂ ಲೆಕ್ಕಿಸದೆ ಮೊಣಕಾಲುದ್ದ ಹೊಳೆಯ ನೀರಿಗೆ ಇಳಿದಳು.